ಕಣದಲ್ಲಿ ಹೊಡೆದ ಪೆನಾಲ್ಟಿ

ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ನೆನಪಾಗುವುದು ಒಂದು ಪೆನಾಲ್ಟಿ.

ಹಿಂದಿನ ದಿನ ಟಿವಿಯಲ್ಲಿ ದೊಡ್ಡ ಫುಟ್‌ಬಾಲ್ ಕ್ಲಬ್ಬೊಂದರ ಆಟಗಾರ ಯಾರೂ ತಾಗದೆಯೇ ಬಿದ್ದು, ಮೊಣಕಾಲು ಹಿಡಿದು ಹೊರಳಾಡಿ ಪೆನಾಲ್ಟಿ ಗಿಟ್ಟಿಸಿದ್ದ. ಮರುಕ್ಷಣ ಎದ್ದು ತಾನೇ ಗೋಲು ಹೊಡೆದಿದ್ದ. "ನೋವೆಲ್ಲ ಎಲ್ಲಿಗೆ ಹೋಯ್ತು ಮಾರಾಯ!" ಎಂದು ದೊಡ್ಡಪ್ಪ ನಕ್ಕಿದ್ದರು.

ಭಾನುವಾರ ಮಧ್ಯಾಹ್ನ ಕಾಫಿ ಒಣಗಿಸುವ ಕಣದ ಖಾಲಿ ಜಾಗದಲ್ಲಿ ನಾವು ಆಡುತ್ತಿದ್ದೆವು. ಆಳುಗಳನ್ನು ಕರೆಯಲು ಮೇಸ್ತ್ರಿ ಊದುವ ಸೀಟಿ ಅಂದು ರೆಫರಿ ದೊಡ್ಡಪ್ಪನ ಬಾಯಲ್ಲಿತ್ತು. ಎದುರು ತಂಡದಲ್ಲಿದ್ದ ಅವರ ಮಗಳು ಶೈಲಕ್ಕ ಚೆಂಡಿಗೆ ಕಾಲು ಚಾಚಿದಳು. ನನಗೆ ತಾಗಲಿಲ್ಲ. ಆದರೂ ನಾನು ಬಿದ್ದೆ. ಬಲಗಾಲು ಹಿಡಿದುಕೊಂಡು ಬಿಸಿ ಸಿಮೆಂಟಿನ ಮೇಲೆ ಉರುಳುತ್ತ ಹರವಿದ್ದ ಕಾಫಿಬೀಜದೊಳಗೆ ಹೋದೆ. ಬೀಜವೆಲ್ಲ ಚೆಲ್ಲಾಪಿಲ್ಲಿಯಾಯಿತು.

"ಅಪ್ಪ, ನಾನು ಮುಟ್ಟೇ ಇಲ್ಲ," ಎಂದಳು ಶೈಲಕ್ಕ.

"ಸುಳ್ಳು ಬೇರೆ ಹೇಳ್ತೀಯಾ? ಆಟ ಸಾಕು ನಿಂಗೆ. ಹೋಗಿ ಆ ಬೀಜ ಎಲ್ಲ ಒಟ್ಟು ಮಾಡು."

ಅವಳು ಬೀಜ ಎಳೆದು ಒಟ್ಟು ಮಾಡುತ್ತಿದ್ದಾಗ ನಾನು ಪೆನಾಲ್ಟಿ ಹೊಡೆದೆ. ನಾವು ಗೆದ್ದೆವು.

ಸಂಜೆ ದೊಡ್ಡಪ್ಪ ನನ್ನನ್ನು ಜಗಲಿಯಲ್ಲಿ ಕೂರಿಸಿ, "ಯಾವ ಕಾಲು ಮಗಾ?" ಎಂದು ಕೇಳಿದರು. ನಾನು ಎಡಗಾಲು ಚಾಚಿದೆ. ಅವರ ಕೈ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಎಣ್ಣೆ ಅದ್ದಿಕೊಂಡು ನಿಧಾನವಾಗಿ ಉಜ್ಜಿದರು. ಉಜ್ಜಿ ಮುಗಿದ ಮೇಲೆ, "ಇನ್ನೊಂದನ್ನೂ ಕೊಡು," ಎಂದರು.

ಎಣ್ಣೆ ಕಾಯಿಸಿ ತಂದು ಬಟ್ಟಲು ಹಿಡಿದು ನಿಂತಿದ್ದವಳು ಶೈಲಕ್ಕ. ನನ್ನ ಮುಖ ನೋಡಿ, "ಜಾಸ್ತಿ ಬಿಸಿ ಆಯ್ತಾ?" ಎಂದು ಕೇಳಿದಳು.