ಸಿಡಿದ ಸಾಸಿವೆ

ಗಾಳಿಗೇ ಬೆಂಕಿ ಹತ್ತಲು ಶುರುವಾದ ಮೇಲೆ ನಮ್ಮ ಬೀದಿಯಲ್ಲಿ ಬೇಸಿಗೆ ಮುಗಿಯುವವರೆಗೆ ಯಾರೂ ಒಲೆ ಹಚ್ಚುವುದಿಲ್ಲ. ಹೋದ ವರ್ಷ ಯಾರೋ ಕಾಫಿ ಕಾಯಿಸಿದ್ದಕ್ಕೆ ಮೂರು ಮನೆ ಸುಟ್ಟವು. ನನ್ನ ತಂಗಿಯೂ ಸುಟ್ಟುಹೋದಳು. ಹಾಗಾಗಿ ಭಾನುವಾರದ ಹಿತ್ತಲೂಟಕ್ಕೆ ಎಲ್ಲರೂ ಸುಲಭದ ಹಸಿ ಅಡುಗೆಯನ್ನೇ ತರುತ್ತೇವೆ: ನೆನೆಸಿದ ಅವಲಕ್ಕಿ, ಸೌತೆಕಾಯಿ ಮೊಸರುಬಜ್ಜಿ, ಕೋಸಂಬರಿ.

ಈ ವಾರ ಡಬ್ಬಿ ತಪಾಸಣೆಯ ಪಾಳಿ ನನ್ನದು. ಎದುರುಮನೆಯ ಪುಟ್ಟಗೌರಮ್ಮನವರ ಕೋಸಂಬರಿ ತೆರೆದ ಕೂಡಲೇ ಇಂಗಿನ ಘಮ ಬಂತು. ಚಮಚ ಆಡಿಸಿದರೆ ಸಾಸಿವೆ, ಅದೂ ಸಿಡಿದದ್ದು.

"ಒಗ್ಗರಣೆ ಹಾಕಿದ್ದೀರಾ?" ಎಂದೆ.

"ಒಂದೇ ಚಮಚ ಎಣ್ಣೆ ಕಣೇ ಸುನಂದಾ. ಒಗ್ಗರಣೆ ಇಲ್ಲದ ಕೋಸಂಬರೀನ ನಾಲ್ಕು ಜನರ ಮುಂದೆ ಹೇಗೆ ಇಡಲಿ, ಹೇಳು?"

ನನಗೆ ಮೈಯೆಲ್ಲ ಉರಿಯಿತು.

ಯಾರೂ ಕೂಗಾಡಲಿಲ್ಲ. ಪಕ್ಕದ ಮನೆಯ ರುದ್ರೇಶಪ್ಪ ಪುಟ್ಟಗೌರಮ್ಮನವರ ಬಲಗೈಯನ್ನು ಒರಳಿನ ಮೇಲೆ ಒತ್ತಿ ಹಿಡಿದರು. ಒಲೆ ಹಚ್ಚಿದ ಕೈಗೆ ಮನೆಗೊಂದು ಏಟು, ಮೊದಲನೆಯದು ತಪಾಸಣೆಯವರದು ಎಂಬುದು ಬೀದಿಯ ಕಟ್ಟಳೆ. ತಂಗಿಯನ್ನು ನೆನೆದು ಗುಂಡುಕಲ್ಲನ್ನು ಎತ್ತಿ ಹಾಕಿದೆ. ಬೆರಳುಗಳು ಒಣ ಕಡ್ಡಿಯ ಹಾಗೆ ಮುರಿದವು. ಐದನೇ ಮನೆಯ ಏಟಿಗೆ ಅವರ ಕಿರುಚಾಟ ನಿಂತಿತು.

ಅವರನ್ನು ಮಾವಿನ ಮರದ ನೆರಳಲ್ಲಿ ಮಲಗಿಸಿ, ಒರಳು ತೊಳೆದು, ಊಟಕ್ಕೆ ಕೂತೆವು. ಒಗ್ಗರಣೆ ವಾಸನೆ ಮೂಗಿಗೆ ಬಿದ್ದು ಮೂರು ತಿಂಗಳಾಗಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೊದಲು ಖಾಲಿಯಾದದ್ದು ಪುಟ್ಟಗೌರಮ್ಮನವರ ಡಬ್ಬಿ. ತಳಕ್ಕೆ ಅಂಟಿದ್ದ ಸಾಸಿವೆಯನ್ನು ಬೆರಳಲ್ಲಿ ಬಳಿದು ನೆಕ್ಕಿದವಳು ನಾನೇ.