ರಬ್ಬರಿನ ಕಪ್ಪೆ

ಡ್ರಮ್ಮಿನ ನೀರಿನಲ್ಲಿ ಕಪ್ಪೆಯೊಂದು ಕಾಲು ಬಡಿಯುತ್ತಿತ್ತು. ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನ ಶೆಡ್ಡಿನ ಬಾಗಿಲಲ್ಲಿ ನಿಂತ ಛಾಯಾ ಗಂಡ ಬಾಪೂಸಾಹೇಬನನ್ನು ದಿಟ್ಟಿಸಿದಳು.

“ಜೀವಂತ ಐತೇನ್ರಿ?”

“ಮುಟ್ಟಿ ನೋಡು. ರಬ್ಬರು, ಮೋಟಾರು.”

ಬಾಪೂಸಾಹೇಬ ರಬ್ಬರು ಕಾರ್ಖಾನೆಯೊಂದರ ಸಂಶೋಧಕ. ಪರದೇಶದ ಆಟಿಕೆಗಳ ಪುಟ್ಟ ಮೋಟಾರು ಮಿರಜಿನ ಅಂಗಡಿಗಳಿಗೂ ಬಂದ ವರ್ಷವದು. ಮೂರು ತಿಂಗಳಿಂದ ಅವನಿಗೆ ಇದೊಂದೇ ಧ್ಯಾನ.

ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಗಳು ಮೃಣಾಲ ಹನ್ನೆರಡನೆಯ ತರಗತಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಕಪ್ಪೆ ಸೀಳಬೇಕು. ಸೀಳದಿದ್ದರೆ ಡಾಕ್ಟರಿಕೆ ಇಲ್ಲ. ಸೀಳಿದ ದಿನ ತಾನು ಅನ್ನ ನೀರು ಬಿಡುವುದಾಗಿ ಅಜ್ಜ ಆದಪ್ಪ ಹೇಳಿದ್ದ. ನೀರನ್ನೂ ಸೋಸಿ ಕುಡಿಯುವ ಜೈನ ವೃದ್ಧ, ಹೇಳಿದ್ದನ್ನು ಮಾಡುವವನು.

ಬಾಪೂಸಾಹೇಬ ತಂದೆಗೆ ಮಾತು ಕೊಟ್ಟಿದ್ದ. ಮೃಣಾಲ ರಬ್ಬರಿನದನ್ನು ಸೀಳುತ್ತಾಳೆ. ಕಾಲೇಜು ಕೊಟ್ಟ ಕಪ್ಪೆಯನ್ನು ಡಬ್ಬಿಯಲ್ಲಿ ಜೀವಂತ ತರುತ್ತಾಳೆ.

“ಸೃಷ್ಟಿ ಮಾಡಾಂವ ಯಾರೂ ಇಲ್ಲಂತೀವಿ ನಾವು,” ಆದಪ್ಪ ಕುಟುಕಿದ್ದ. “ಆ ಖಾಲಿ ಕುರ್ಚಿ ಮ್ಯಾಲೆ ನೀ ಕುಂತಿಯೇನೋ ಬಾಪೂ?”

“ಪರೀಕ್ಷಾ ಮುಗಿಯೂತನಾ ಅಷ್ಟ, ಅಪ್ಪಾ.”

ಛಾಯಾ ಈಗ ಕಪ್ಪೆಯ ಹೊಟ್ಟೆ ಅದುಮಿದಳು. ಟೊಳ್ಳು.

“ಮಾಸ್ತರು ಕರಳು ತೋರಸು ಅಂದ್ರ?”

“ಮಾಸ್ತರ ಚಿಂತಿ ನಿನಗ ಬ್ಯಾಡ.”

“ನೀರಾಗ ಯಾಕ ಬಿಟ್ಟಿದ್ರಿ?”

“ಸೋರತೈತೇನೋ ನೋಡಾಕ.”

ಅವಳು ನಂಬಲಿಲ್ಲ. ಇವನಿಗೆ ಪೇಪರಿನಲ್ಲಿ ಹೆಸರು ಬರಬೇಕು. ಸಿಕ್ಕಿಬೀಳುವವಳು ಮಗಳು.

ಪರೀಕ್ಷೆಯ ದಿನ ಮೃಣಾಲ ಬಿಳಿಚಿದ ಮುಖದಿಂದ ಮರಳಿದಳು. “ಆತು ಪಪ್ಪಾ. ಮಾಸ್ತರು ಛಲೋ ಅಂದ್ರು.” ಡಬ್ಬಿಯನ್ನು ತಂದೆಯ ಕೈಗಿತ್ತು ಒಳಗೆ ಹೋದಳು. ಅಜ್ಜನತ್ತ ನೋಡಲಿಲ್ಲ.

ಉಳಿದ ಮೂವರೂ ಕಪ್ಪೆಯನ್ನು ಬಿಡಲು ಕೃಷ್ಣೆಯ ಘಾಟಿಗೆ ನಡೆದರು. ಬಾಪೂಸಾಹೇಬ ಬಗ್ಗಿ ಡಬ್ಬಿಯೊಳಗೆ ಕೈಯಿಟ್ಟ. ಮೆಲ್ಲನೆ ಕಪ್ಪೆಯನ್ನು ನೀರಿಗೆ ಬಿಟ್ಟ. ಅದು ಕಾಲು ಬಡಿಯುತ್ತ ಆಚೆ ದಡದ ಸಾಂಗ್ಲಿವಾಡಿಯ ದಿಕ್ಕಿಗೆ ಸಾಗಿತು. ಆದಪ್ಪ ಪೊರೆ ಬಂದ ಕಣ್ಣು ಕಿರಿದು ಮಾಡಿ, ಅದು ಮರೆಯಾಗುವವರೆಗೆ ನೋಡಿ ಕೈಮುಗಿದ.

“ಒಂದು ಜೀವ ಉಳಿಸಿದಿ ಬಾಪೂ. ಹೊತ್ತು ಮುಳುಗೂದ್ರಾಗ ಊಟಕ್ಕ ನಡೀರಿ.”

ಮುದುಕ ಮೆಟ್ಟಿಲೇರಿದ. ಛಾಯಾ ಗಂಡನ ತೋಳು ಹಿಡಿದಳು.

“ಖಾಲಿ ಹೊಟ್ಟೀದು ಸೀಳಿದ್ರ ಮಾಸ್ತರಿಗೆ ತಿಳೀಲಿಲ್ಲೇನ್ರಿ?”

“ಅದನ್ನ ಯಾರು ಸೀಳ್ಯಾರ?” ಎಂದ ಬಾಪೂಸಾಹೇಬ. “ಈಗ ಈಜಿಕೊಂತ ಹೋತಲ್ಲ.”