ಓಬಳೇಶನ ಮುಚ್ಚಳ

ಮ್ಯಾನ್‌ಹೋಲಿಗೆ ಇಳಿದು ಉಸಿರುಕಟ್ಟಿ ಸತ್ತ ಓಬಳೇಶನ ಹೆಸರನ್ನು ಹೊಸ ಮುಚ್ಚಳದ ಮೇಲೆ ಎರಕ ಹೊಯ್ಯಿಸಬೇಕೆಂದು ನಗರಸಭೆ ತೀರ್ಮಾನಿಸಿತು. ಅವನ ಹೆಂಡತಿ ಮಾರಕ್ಕ ಕೆಲಸ ಮಾಡುವ ಫೌಂಡ್ರಿಗೇ ಆರ್ಡರ್ ಬಂತು.

"ಸತ್ತೋನ ಹೆಸರನ್ನ ಊರೋರ ಕಾಲಲ್ಲಿ ತುಳಿಸ್ತಾರಂತೆ! ಬ್ಯಾಡ ಅನ್ನು," ಎಂದು ಜೊತೆಯವರು ರೇಗಿದರು.

"ತುಳೀಲಿ ಬಿಡ್ರೇ. ಅಚ್ಚು ನಾನೇ ಮಾಡ್ತೀನಿ," ಎಂದಳು ಮಾರಕ್ಕ.

ಹಾರ, ಭಾಷಣ, ಫೋಟೊ ಎಲ್ಲ ಮುಗಿದು ಮುಚ್ಚಳ ಗುಂಡಿಯ ಮೇಲೆ ಕೂತಿತು. ಮರುವಾರವೇ ಚರಂಡಿ ಕಟ್ಟಿಕೊಂಡಿತು. ಎಂಜಿನಿಯರು ಒಳಗಿಳಿಸಲು ಮತ್ತೊಬ್ಬನನ್ನು ಕರೆತಂದರು. ಅವನು ಕಬ್ಬಿಣದ ಕೊಕ್ಕೆ ಹಿಡಿದು ಮುಚ್ಚಳವನ್ನೆಲ್ಲ ತಡಕಾಡಿ ಸೋತ.

ಎಂಜಿನಿಯರು ಫೌಂಡ್ರಿಗೆ ಧಾವಿಸಿದರು. "ಏನಮ್ಮಾ, ಕೊಕ್ಕೆ ಹಾಕಿ ಎತ್ತೋಕೆ ತೂತೇ ಬಿಟ್ಟಿಲ್ವಲ್ಲ! ಮರೆತುಬಿಟ್ಯಾ?"

ಮಾರಕ್ಕ ಕೈಯ ಮರಳು ಕೊಡವಿಕೊಂಡು ಎದ್ದು ನಿಂತಳು.

"ಮರ್ತಿಲ್ಲ ಸ್ವಾಮಿ. ಅದಕ್ಕೇ ಬಿಟ್ಟಿಲ್ಲ."